ಹರಿಹರ ಭಟ್ಟ ಕಳಿಸಿದ ಗಂಜಿ

ಕರ್ಕಿಯ ಹರಿಹರ ಭಟ್ಟನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ೧೯೫೯ರಲ್ಲಿ ಮಾವಳ್ಳಿ ಶಾಲೆಗೆ ಬದಲಿ ಮಾಸ್ತರನಾಗಿ ಹೋದವನು, ಮಗ್ಗಿ ಹೇಳುತ್ತಲೇ ಹಸಿವಿನಿಂದ ಕುಸಿದ ಹುಡುಗಿಯೊಬ್ಬಳನ್ನು ಕಂಡ. ಅರವತ್ತು ರೂಪಾಯಿ ಸಂಬಳದಲ್ಲಿ ಪಾಠ ಕೊಡಬಹುದು, ಗಂಜಿ ಕೊಡಲಾಗದು. ವರ್ಷ ತುಂಬುವುದರೊಳಗೆ ಮುಂಬಯಿಯ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಸೇರಿದ. ಅಲ್ಲಿಂದ ತಿಂಗಳಿಗೆ ಮೂವತ್ತು ರೂಪಾಯಿ, ಮಕ್ಕಳ ಮಧ್ಯಾಹ್ನದ ಗಂಜಿಗೆಂದು, ಹೆಡ್ ಮಾಸ್ತರ ವಿಘ್ನೇಶ್ವರ ಹೆಗಡೆಯವರಿಗೆ ಮನಿಆರ್ಡರ್. ದಾನ ಮಾಡಲೆಂದೇ ಊರು ಬಿಟ್ಟವನನ್ನು ನಮ್ಮ ಕಡೆ ಹುಚ್ಚ ಎನ್ನುತ್ತಾರೆ. ಊರು ಬಿಟ್ಟು ದಾನ ಮರೆತವನನ್ನು ಸಾಹುಕಾರ ಎನ್ನುತ್ತಾರೆ.

ಮುಂಬಯಿ ಅವನಿಗೆ ಒಗ್ಗಲಿಲ್ಲ. ಮೇಜಿನ ಮೇಲೆ ಪೆನ್ನು ಓಡುತ್ತಿದ್ದರೆ ಕೆಳಗೆ ಕಾಲು ಕುಣಿಯುತ್ತಿತ್ತು. ಮೂರನೆಯ ವರ್ಷ ಮಾವಳ್ಳಿಯಲ್ಲಿ ಮಾಸ್ತರಿಕೆ ಖಾಲಿ ಎಂದು ತಿಳಿದದ್ದೇ ತಡ, ಬ್ಯಾಂಕು ಬಿಡುವುದೆಂದು ನಿಶ್ಚಯಿಸಿ, ರಜೆ ಹಾಕಿ, ಹೊನ್ನಾವರದಲ್ಲಿ ಲಾಂಚ್ ಹತ್ತಿ ಶರಾವತಿ ದಾಟಿ ಬಂದ.

ಮಧ್ಯಾಹ್ನದ ಹೊತ್ತು. ಮಕ್ಕಳು ಶಾಲೆಯ ಬಾವಿಕಟ್ಟೆಯಲ್ಲಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದರು. ಒಲೆ ತಣ್ಣಗಿತ್ತು.

"ಗಂಜಿ ಎಲ್ಲಿ ಹೆಗಡೇರೆ?"

ಹೆಗಡೆಯವರು ಎದೆಯುಬ್ಬಿಸಿದರು. "ನಿನ್ನ ಹೆಸರಲ್ಲಿ ಬರೀ ಗಂಜಿ ಹಾಕಲೆ ಆಗ್ತನೋ ತಮಾ? ಪಾಯಸ ಇಲ್ಲದ್ದೆ ಎಂತ ಅನ್ನದಾನ! ತಿಂಗಳಿಗೊಂದು ಸಲ ಬಾಳೆಲೆ ಹಾಕಿ ಭರ್ತಿ ಊಟ. ಬೆಲ್ಲಕ್ಕೇ ಆರು ರೂಪಾಯಿ ಆಗ್ತು."

ಒಂದು ಪೈಸೆ ನುಂಗಿದವರಲ್ಲ. ದಾನಿಯ ಮರ್ಯಾದೆ ಕಾಯಲು ಹೋಗಿ ಉಳಿದ ದಿನವೆಲ್ಲ ಮಕ್ಕಳನ್ನು ಉಪವಾಸ ಕೆಡವಿದ್ದರು, ಅಷ್ಟೆ.

ಹರಿಹರ ಜಗುಲಿಯಲ್ಲಿ ಅತ್ತಿಂದಿತ್ತ ಸುತ್ತುತ್ತ, ತಾನೇ ಬಂದು ನಿಲ್ಲುವುದೆಂದ. "ಆನೇ ಮಾಸ್ತರ ಆಗಿ ಬತ್ತೆ. ದಿನಾ ಆನೇ ನಿಂತು ನೋಡ್ಕತ್ತೆ."

ಅಂಗಳ ಗುಡಿಸುತ್ತಿದ್ದ ಶಾಲೆಯ ಕೆಲಸದಾಳು ಗಂಗಿ ಕಸಬರಿಗೆ ನಿಲ್ಲಿಸಿದಳು. "ಒಡೆಯಾ, ನೀವು ಇಲ್ಲೇ ಕೂತ್ರೆ ಪಾತ್ರಕ್ಕೆ ಹಾಕೂದು ಎಂತ? ನಿಮ್ಮ ಪಾಠವಾ?"

"ನಾನು ಹೋದ್ರೆ ಬೇಯ್ಸೂದು ಯಾರು?"

"ನಂಗೆ ಒಲೆ ಹಚ್ಚೂಕೆ ಬರೂದಿಲ್ವಾ? ಪಾಯಸ ಒಂದು ಬರೂದಿಲ್ಲ. ಚಲೋ ಆತಲ್ಲ!"

"ಇವಳ ಕೈಯಲ್ಲಿ ದಾನದ ಅಡುಗೆಯಾ?" ಎಂದು ಹೆಗಡೆಯವರು ಹೌಹಾರಿದರು.

"ದಾನ ಅಲ್ಲ ಹೆಗಡೇರೆ, ಗಂಜಿ," ಎಂದ ಹರಿಹರ. ಹೇಳಿದ ಮೇಲೆ ತನ್ನ ಮಾಸ್ತರಿಕೆ ಹೋಯಿತೆಂದು ಅವನಿಗೆ ಹೊಳೆಯಿತು.

ಮರುದಿನ ಮಕ್ಕಳು ಉಣ್ಣುವುದನ್ನು ನೋಡಿ ಹೊರಟ. ರಜೆ ಇನ್ನೂ ಎಂಟು ದಿನವಿತ್ತು. ನಿಂತರೆ ನಿಂತೇಬಿಡುವೆನೆಂಬ ಹೆದರಿಕೆ. ಕುಮಟೆಯಲ್ಲಿ ಮುಂಬಯಿ ದಾರಿಯ ಹುಬ್ಬಳ್ಳಿ ಬಸ್ಸಿಗೆ ಎರಡು ತಾಸು ಕಾಯಬೇಕು. ಅಷ್ಟರಲ್ಲಿ ಹೊನ್ನಾವರಕ್ಕೆ ತಿರುಗಿ ಹೊರಟ ಬಸ್ಸಿನ ಕಂಬಿ ಹಿಡಿದ, ಬಿಟ್ಟ, ಮತ್ತೆ ಹಿಡಿದ.

"ಹತ್ತೂದಾದ್ರೆ ಹತ್ತಿ, ಇಲ್ಲಾ ಕೈ ಬಿಡಿ ಮಾರಾಯ್ರೆ!" ಎಂದು ಕಂಡಕ್ಟರ ಗದರಿದ.

ಹರಿಹರ ಕೈ ಬಿಟ್ಟ. ಹುಬ್ಬಳ್ಳಿ ಬಸ್ಸು ಬಂದಾಗ ಕಿಟಕಿ ಬದಿಯ ಸೀಟು ಖಾಲಿಯಿದ್ದರೂ, ಹೊನ್ನಾವರದ ದಾರಿ ಕಣ್ಣಿಗೆ ಬೀಳದಂತೆ ನಡುವಿನ ಸೀಟಿನಲ್ಲಿ ಕೂತ.