ಮುಖಪುಟದಲ್ಲಿ ಮುಖಗಳು

ನಮ್ಮ ಪಾಂಡವಪುರದಲ್ಲಿ ಒಂದು ಪಂಕ್ಚರ್ ಅಂಗಡಿ ಆರಂಭವಾದರೂ ಅದರ ಫ್ಲೆಕ್ಸಿನಲ್ಲಿ ಅಂಗಡಿ ಯಾವುದೆಂದು ಹುಡುಕಿಕೊಳ್ಳಬೇಕಾಗುತ್ತದೆ. ಮೇಲ್ಭಾಗದಲ್ಲಿ ಹಿರಿಯರು, ನಡುವೆ ಹಿತೈಷಿಗಳು, ಅವರ ಸಂದುಗೊಂದುಗಳಲ್ಲಿ ಶುಭ ಕೋರುವ ಗೆಳೆಯರ ಬಳಗ, ಎಲ್ಲರೂ ಕಪ್ಪು ಕನ್ನಡಕ ಧರಿಸಿ ಕೈಮುಗಿದು ನಿಂತಿರುತ್ತಾರೆ. ಎಲ್ಲೋ ಕೆಳತುದಿಯಲ್ಲಿ, ಕಟ್ಟಿದ ಹಗ್ಗದ ಮರೆಯಿಂದ, ಪಂಕ್ಚರ್ ಹಾಕುವವನ ಹೆಸರು ಇಣುಕುತ್ತದೆ. ಇದನ್ನು ಕಂಡು ನಗುವ ಪಟ್ಟಣಿಗರಿಗೆ ನಾನೊಂದು ಸಿದ್ಧಾಂತ ಹೇಳುವುದುಂಟು: ನಮ್ಮ ಸೀಮೆಯಲ್ಲಿ ಯಾರೂ ಒಬ್ಬರೇ ಅಂಗಡಿ ಇಡುವುದಿಲ್ಲ, ಇಡೀ ಬಂಧುಬಳಗವೇ ಇಡುತ್ತದೆ, ಗಲ್ಲಾದ ಮುಂದೆ ಮಾತ್ರ ಒಬ್ಬ ಕೂರುತ್ತಾನೆ. ನನ್ನ ಹೆಂಡತಿಯ ಅಂಗಡಿಯೇ ಮುಳುಗುವ ಸ್ಥಿತಿಗೆ ಬರುವವರೆಗೂ ಈ ಸಿದ್ಧಾಂತದಲ್ಲಿ ನನಗೆ ಯಾವ ದೋಷವೂ ಕಂಡಿರಲಿಲ್ಲ.

ನನ್ನ ಹೆಂಡತಿ ಜಯಮ್ಮ ಹುರಿಹಿಟ್ಟು ಮಾಡುತ್ತಾಳೆ. ಓದುಗರಲ್ಲಿ ಅದನ್ನು ಅರಿಯದ ಭಾಗ್ಯಹೀನರು ಯಾರಾದರೂ ಇದ್ದರೆ ಅವರಿಗಾಗಿ ಹೇಳುತ್ತೇನೆ: ರಾಗಿಯನ್ನು ಅರಳುವಂತೆ ಹುರಿದು, ನುಣ್ಣಗೆ ಬೀಸಿ, ಬೆಲ್ಲ ತುಪ್ಪ ಬೆರೆಸಿ ಕಲಸಿದರೆ ಹುಟ್ಟುವ ಆ ಪರಿಮಳದ ಮುಂದೆ ನಮ್ಮ ಅಲಂಕಾರಶಾಸ್ತ್ರವೆಲ್ಲ ಸಪ್ಪೆ. ತಿಂದವರೆಲ್ಲ ಹೊಗಳಿದರು, ಹೊಗಳಿದವರೆಲ್ಲ ಇನ್ನೊಂದು ಡಬ್ಬಿ ಕೇಳಿದರು. ಪಕ್ಕದ ಬೀದಿಯ ಇಬ್ಬರು ಹೆಂಗಸರನ್ನು ಜೊತೆಗೆ ಹಾಕಿಕೊಂಡು, ಹಿತ್ತಲಿನಲ್ಲಿ ಒಲೆ ಹೂಡಿ, ಲೋಕಕ್ಕೆಲ್ಲ ಮಾರುತ್ತೇನೆಂದು ಅವಳು ಆನ್‌ಲೈನ್ ಅಂಗಡಿ ತೆರೆಯಲು ಹೊರಟಳು. ಶ್ರೀರಂಗಪಟ್ಟಣದಲ್ಲಿ ಕಂಪ್ಯೂಟರ್ ಅಂಗಡಿ ನಡೆಸುವ ಸಲ್ಮಾ ಎಂಬಾಕೆಗೆ ಅದನ್ನು ರಚಿಸುವ ಕೆಲಸ ಒಪ್ಪಿಸಿದೆವು. ಕನ್ನಡ ಅಧ್ಯಾಪಕನಾಗಿ ನಿವೃತ್ತನಾಗಿ ಮನೆಯಲ್ಲಿ ಕೂತಿದ್ದ ನನ್ನನ್ನು ಸಾಹಿತ್ಯ ವಿಭಾಗಕ್ಕೆ ನೇಮಿಸಲಾಯಿತು.

ಸಲ್ಮಾ ಕೇಳಿದ್ದು ಒಂದೇ ಪ್ರಶ್ನೆ, "ಮುಖಪುಟಕ್ಕೆ ಏನ್ ಹಾಕ್ಲಿ ಸಾರ್?" ಮುಖಗಳ ಪುಟ ಮುಖಪುಟ, ಷಷ್ಠೀ ತತ್ಪುರುಷ ಸಮಾಸ, ಇದರಲ್ಲಿ ಕೇಳುವುದೇನಿದೆ? ಎಲ್ಲಕ್ಕಿಂತ ಮೇಲೆ, ಪೇಟ ಸುತ್ತಿ ಕೈಮುಗಿದ ನನ್ನ ಭಾವ, ಅಂದರೆ ಜಯಮ್ಮನ ಅಣ್ಣ, ಸಂತೆಬಾಚಹಳ್ಳಿಯ ಬೋರೇಗೌಡರು. ಅವರ ಮಗ್ಗುಲಲ್ಲಿ, ಒಂದು ಬೆರಳು ಕೆಳಗೆ, ಅವರ ಮಗಳ ಮಾವ, ನಾಗಮಂಗಲದ ಬೀಗರು. ಆಮೇಲೆ ಶೀಳನೆರೆಯ ಚಿಕ್ಕಪ್ಪಂದಿರಿಂದ ಹಿಡಿದು ನಮ್ಮ ಬೀದಿಯ ಹಿರಿಯರವರೆಗೆ ಒಂದು ದಿಬ್ಬಣ. ಕೊನೆಗೆ ಹುರಿಹಿಟ್ಟಿನ ಡಬ್ಬಿ. ಫ್ಲೆಕ್ಸ್ ಮಾಡಿಸಿ ಪಳಗಿದ ಬಂಧುಗಳು 'ಹಿಗ್ಗಿಸಿದ್ರೆ ಫೋಟೋ ಒಡೀಬಾರ್ದು' ಎಂದು ಕಂಬದಿಂದ ಕಂಬಕ್ಕೆ ಕಟ್ಟಲು ತಕ್ಕಷ್ಟು ದೊಡ್ಡ ಪಟಗಳನ್ನೇ ಕಳಿಸಿದ್ದರು. ನಾನು ಅವನ್ನು ಇದ್ದಂತೆಯೇ ಹಾಕಿಸಿದೆ.

ಅಂಗಡಿ ತೆರೆಯಿತು, ಗಿರಾಕಿ ಬರಲಿಲ್ಲ. ಅಂತರಜಾಲದ ಹುಡುಕುಯಂತ್ರದಲ್ಲಿ ಹುರಿಹಿಟ್ಟು ಎಂದು ಬರೆದರೆ ಎಲ್ಲೆಲ್ಲಿಯವರ ಹಿಟ್ಟೋ ಮುಂದೆ ನಿಲ್ಲುತ್ತಿತ್ತು, ರಾಗಿ ಕಂಡಿರದ ಊರುಗಳವರೂ ಅಲ್ಲಿದ್ದರು, ನಮ್ಮದು ಮಾತ್ರ ಪುಟದ ಮೇಲೆ ಪುಟ ತಿರುವಿದರೂ ಕಾಣುತ್ತಿರಲಿಲ್ಲ. ನನ್ನ ಅಧ್ಯಾಪಕ ಬುದ್ಧಿ ಮೊದಲು ಸಂಶಯಿಸಿದ್ದು ಹಕಾರವನ್ನು. ಮಂಡ್ಯ ಸೀಮೆಯ ಜನ 'ಉರಿ ಇಟ್ಟು' ಎಂದು ಹುಡುಕುತ್ತಿರಬಹುದು, ಯಂತ್ರ ಬೆಚ್ಚಿಬಿದ್ದು ಅಗ್ನಿಶಾಮಕದವರನ್ನು ತೋರಿಸುತ್ತಿರಬಹುದು ಎಂದು ಒಂದು ವಾರ ಉಚ್ಚಾರಣೆಯ ಮೇಲೆ ಉಪನ್ಯಾಸ ಕೊಟ್ಟೆ. ಜಯಮ್ಮ ಪೂರ್ತಿ ಕೇಳಿಸಿಕೊಂಡು, "ದೀಪಾವಳಿ ಗಂಟ ನೋಡ್ತೀನಿ ಕಣ್ರೀ. ಅಷ್ಟರಲ್ಲಿ ಗಿರಾಕಿ ಬರ್ನಿಲ್ಲ ಅಂದ್ರೆ ಬಾಣ್ಲೆ ಬೋರ್ಲಾಕ್ತೀನಿ" ಎಂದಳು. ಅವಳ ಕಣ್ಣು ತುಂಬಿತ್ತು. ಅವಳನ್ನು ಹಾಗೆ ಕಂಡು ನನಗೆ ನಿಜಕ್ಕೂ ಸಂಕಟವಾಯಿತು, ಉಪನ್ಯಾಸ ಅಲ್ಲಿಗೇ ನಿಂತಿತು.

ಮಾರನೆಯ ದಿನ ಬಸ್ಸು ಹತ್ತಿ ಸಲ್ಮಾಳ ಮುಂದೆ ಕೂತೆವು. ಆಕೆ ನಮ್ಮ ಪುಟವನ್ನು ತೆರೆಯಲು ಕೊಟ್ಟು, ಎದ್ದು ಹೋಗಿ, ಮೂವರಿಗೂ ಟೀ ತಂದಳು. ಪುಟ ಇನ್ನೂ ತೆರೆಯುತ್ತಲೇ ಇತ್ತು. "ನೋಡಿ ಅಕ್ಕಾ, ಬಾಗ್ಲು ತೆಗಿಯೋದ್ರೊಳ್ಗೆ ಗಿರಾಕಿ ವಾಪಸ್ ಹೋಗ್ಬುಡ್ತಾರೆ. ಬೇಗ ತೆರೆಯೋ ಅಂಗಡೀನ ಸರ್ಚ್‌ನವರು ಮುಂದೆ ಕೂರುಸ್ತಾರೆ, ನಿಧಾನದ್ದನ್ನ ಹಿಂದಕ್ಕೆ ತಳ್ತಾರೆ. ಫೋಟೋ ತೂಕ ಭಾರಿ ಐತೆ, ಬಸ್, ಅಷ್ಟೇ." ವೇಗವೊಂದರಿಂದಲೇ ಎಲ್ಲವೂ ಆಗದು, ಹಿಟ್ಟೂ ಚೆನ್ನಾಗಿರಬೇಕು, ವಿವರವೂ ಸರಿಯಿರಬೇಕು, ಆದರೆ ಅವೆಲ್ಲ ಲೆಕ್ಕಕ್ಕೆ ಬರುವುದು ಬಾಗಿಲು ತೆರೆದ ಮೇಲೆ ಎಂದೂ ವಿವರಿಸಿದಳು. ನಾನು ಬರೆದ ಪೀಠಿಕೆಯೂ ಭಾರವಾಯಿತೇ ಎಂದು ಅಳುಕುತ್ತ ಕೇಳಿದ್ದಕ್ಕೆ ಆಕೆ ಬಹಳ ಸಮಾಧಾನದಿಂದ, "ಇಲ್ಲ ಸಾರ್, ನಿಮ್ ಬರವಣಿಗೇಲಿ ತೂಕಾನೇ ಇಲ್ಲ" ಎಂದಳು. ಇಷ್ಟು ವರ್ಷಗಳ ನನ್ನ ಸಾಹಿತ್ಯಸೇವೆಯನ್ನು ಯಾವ ವಿಮರ್ಶಕನೂ ಇಷ್ಟು ಚುಟುಕಾಗಿ ಮುಗಿಸಿರಲಿಲ್ಲ. ಜಯಮ್ಮ ಮಾತ್ರ ಅನೇಕ ದಿನಗಳ ಮೇಲೆ ಮನಸಾರೆ ನಕ್ಕಳು.

ಪಟ ಕುಗ್ಗಿಸಬಹುದಿತ್ತು. ಆದರೆ ಎಷ್ಟು ಕುಗ್ಗಿಸಿದರೂ ಅಷ್ಟು ಜನರ ದಿಬ್ಬಣ ಮುಂದಿರುವವರೆಗೆ ಹಿಟ್ಟಿನ ಸರದಿ ಬರುವಂತಿರಲಿಲ್ಲ, ಮುಖಗಳು ಇಳಿಯಲೇಬೇಕಿತ್ತು. ಬೋರೇಗೌಡರ ಮುಖ ಇಳಿಸುವುದೆಂದರೇನೆಂದು ತಿಳಿಯಬೇಕಾದರೆ ಅವರ ಚರಿತ್ರೆ ಗೊತ್ತಿರಬೇಕು: ಒಂದು ಮದುವೆಯ ಫ್ಲೆಕ್ಸಿನಲ್ಲಿ ತಮ್ಮ ಪಟ ಬೀಗರ ಪಟಕ್ಕಿಂತ ಕಿರಿದಾಯಿತೆಂದು ಎಲೆಯ ಮುಂದಿನಿಂದ ಎದ್ದು ಬಂದ ಮಹನೀಯರು ಅವರು. ಅವರು ಮುನಿದರೆ ಜಯಮ್ಮನಿಗೆ ತವರೇ ಮುನಿದಂತೆ, ಗೌರಿಹಬ್ಬದ ಬಾಗಿನ ನಿಂತಂತೆ. ಅಂಗಡಿ ಉಳಿಸಿಕೊಂಡರೆ ಅಣ್ಣ ಹೋಗುತ್ತಾನೆ, ಅಣ್ಣನನ್ನು ಉಳಿಸಿಕೊಂಡರೆ ಅಂಗಡಿ ಹೋಗುತ್ತದೆ. ಹೇಳದೆ ತೆಗೆದುಬಿಡೋಣವೆಂದು ನಾನು ಹೇಡಿಯ ಉಪಾಯ ಸೂಚಿಸಿದರೆ ಅವಳು ಒಪ್ಪಲಿಲ್ಲ.

ಹೀಗಾಗಿ ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ ಸಂತೆಬಾಚಹಳ್ಳಿ ಸೇರಿದೆವು. ಭಾವನವರು ಜಗುಲಿಯ ಮೇಲೆ ಸುಪ್ರಸನ್ನರಾಗಿ ಕೂತಿದ್ದರು. ಜಯಮ್ಮ ಬಾಯಿ ತೆರೆಯುವ ಮೊದಲೇ, ನೆರೆಯವರಿಗೆಲ್ಲ ತೋರಿಸಬೇಕೆಂದು ಅವರೇ ಮೊಬೈಲಿನಲ್ಲಿ ಅಂಗಡಿ ತೆರೆಯಲು ಹಚ್ಚಿದರು. ಮೊದಲು ಬಿಳಿಯ ಪರದೆ. ತುಸು ಹೊತ್ತಿನ ಮೇಲೆ ಪೇಟದ ಜರಿ. ಇನ್ನೂ ಹೊತ್ತಾದ ಮೇಲೆ ಹಣೆ, ಹುಬ್ಬು, ಕಪ್ಪು ಕನ್ನಡಕ; ಅಲ್ಲಿಗೆ ನಿಂತಿತು. ಅವರ ವ್ಯಕ್ತಿತ್ವದ ಮುಖ್ಯಾಂಶವಾದ ಮೀಸೆ ಬರಲೇ ಇಲ್ಲ. ನೆರೆಯವರು ಕಾದರು, ಕೆಮ್ಮಿದರು, ಹಾಲು ಹಾಕುವ ಹೊತ್ತಾಯಿತೆಂದು ಡೇರಿಗೆ ಎದ್ದು ಹೋದರು.

"ಇದ್ಯಾಕವ್ವ, ನನ್ ಮೀಸೆ ಎಲ್ಲೋಯ್ತು?" ಎಂದರು ಭಾವ.

ಜಯಮ್ಮ ಹೆದರುತ್ತಲೇ ಹೇಳಿದಳು: "ಅಣ್ಣಯ್ಯ, ನಿನ್ ಮಕ ಬ್ಯಾಡ ಅಂತಲ್ಲ ಕಣೋ. ಈಗ ನೋಡ್ದಲ್ಲ, ಗಿರಾಕಿನೂ ಇಂಗೇ ಎದ್ದೋಯ್ತಾವ್ರೆ. ನನ್ ಒಲೆ ಆರೋಯ್ತದೆ."

ಭಾವ ಮೊಬೈಲನ್ನು ಒಮ್ಮೆ ಕೊಡವಿ ನೋಡಿದರು, ಆಮೇಲೆ ತಂಗಿಯ ಕಡೆಗೆ ತಿರುಗಿದರು. ನಾನು ವಾಪಸು ಹೋಗುವ ಬಸ್ಸಿನ ವೇಳೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಆಗ ಅವರೆಂದರು: "ಮೀಸೆನೇ ಬರ್ನಿಲ್ಲ ಅಂದ್ಮೇಲೆ ಅದರ ಕೆಳಗಿರೋ ಇಟ್ಟು ಯಾವಾಗ ಬಂದದು? ತೆಗುಸ್ಬುಡವ್ವ. ನನ್ ತಂಗಿ ಒಲೆಗಿಂತ ನನ್ ಪೋಟ ದೊಡ್ಡದಾ?" ಜಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಅವರು ನನ್ನ ಕಡೆಗೆ ತಿರುಗಿ ಬೆರಳೆತ್ತಿದರು. "ಆದ್ರೆ ಒಂದ್ ಮಾತು ಮೇಷ್ಟ್ರೇ. ನಂದು ತೆಗುದ್ಮೇಲೆ ಆ ನಾಗಮಂಗಲದ ಬೀಗಂದು ಒಂದ್ ಗಳ್ಗೇನೂ ಇರಕೂಡ್ದು. ಒಬ್ರುದ್ದೂ ಇರಕೂಡ್ದು, ಹೇಳಿವ್ನಿ!"

ಯಾವ ವರವನ್ನು ಬೇಡಲು ನಾಲಿಗೆ ಏಳದೆ ಕೂತಿದ್ದೆವೋ ಅದನ್ನೇ ಶರತ್ತಿನ ರೂಪದಲ್ಲಿ ಆಜ್ಞಾಪಿಸುವ ದೇವರನ್ನು ನಾನು ಪುರಾಣಗಳಲ್ಲೂ ಕಂಡಿಲ್ಲ. ಅತ್ಯಂತ ವಿಧೇಯನಾಗಿ ತಲೆ ಬಾಗಿಸಿದೆ. ಮುಂದೆ ಯಾವ ನೆಂಟ ಬಂದು ತಗಾದೆ ತೆಗೆದರೂ 'ಬೋರೇಗೌಡರದ್ದೇ ಇಲ್ಲ' ಎಂಬ ಒಂದೇ ಉತ್ತರಕ್ಕೆ ಅವನ ಬಾಯಿ ಮುಚ್ಚುತ್ತಿತ್ತು.

ಮುಖಗಳು ಇಳಿದವು, ಡಬ್ಬಿ ಮೇಲೆ ಬಂತು, ಪುಟ ಮುಟ್ಟಿದ ಕೂಡಲೇ ಅರಳಿಕೊಳ್ಳತೊಡಗಿತು. ಹುಡುಕುಯಂತ್ರಕ್ಕೆ ಇದು ತಿಳಿಯಲು ಕೆಲವು ವಾರ ಹಿಡಿಯಿತು. ಆಯುಷ್ಯವಿಡೀ 'ನಿಧಾನವೇ ಪ್ರಧಾನ' ಎಂದು ಪಾಠ ಹೇಳಿದ ನಾನು ದಿನಕ್ಕೆ ಹತ್ತು ಸಲ ಮೊಬೈಲು ತೀಡುತ್ತ ಚಡಪಡಿಸಿದೆ. ಒಂದು ಬೆಳಿಗ್ಗೆ ಹಿತ್ತಲಿನಿಂದ ಜಯಮ್ಮ ಕೂಗಿಕೊಂಡಳು: "ಬನ್ರೀ ಇಲ್ಲಿ! ಮೊದಲ್ನೇ ಪುಟದಲ್ಲೇ ಅವ್ನಿ!" ಅಂಗಡಿ ಎಂದಲ್ಲ, 'ಅವ್ನಿ', ನಾನಿದ್ದೇನೆ ಎಂದಳು. ಆ ವ್ಯಾಕರಣವನ್ನು ತಿದ್ದುವಷ್ಟು ಮೂರ್ಖ ನಾನಲ್ಲ. ದೀಪಾವಳಿಗೆ ಬಾಣಲೆ ಬೋರಲಾಗುವ ಬದಲು ಪಕ್ಕದಲ್ಲಿ ಇನ್ನೊಂದು ಬಾಣಲೆ ಏರಿತು, ಕೆಲಸಕ್ಕೆ ಮತ್ತಿಬ್ಬರು ಹೆಂಗಸರು ಬಂದರು, ಹುರಿದ ರಾಗಿಯ ಘಮ ಬೀದಿಯ ತುದಿಯವರೆಗೂ ಹೋಯಿತು. ನನ್ನ ತೂಕವಿಲ್ಲದ ಪೀಠಿಕೆಯೂ ಪುಟದ ಅಡಿಯಲ್ಲಿ ಸುರಕ್ಷಿತವಾಗಿದೆ. ಯಾರೂ ಓದಿದ ಸುದ್ದಿಯಿಲ್ಲ.

ಮೊನ್ನೆ ನೆಂಟರ ಮದುವೆ ಮುಗಿಸಿ ಬರುತ್ತ ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಎಲ್ಲರೂ ಕಾಫಿಗೆ ಕೂತಿದ್ದೆವು. ಭಾವನವರು ಮೊಬೈಲು ತೆಗೆದು ನಾಗಮಂಗಲದ ಬೀಗರ ಮುಂದೆ ಹಿಡಿದರು. ಕಾಫಿಯ ಲೋಟ ಎತ್ತುವುದರೊಳಗೆ ಅಂಗಡಿ ತೆರೆದುಕೊಂಡಿತು. ಬೀಗರು ಕನ್ನಡಕ ಏರಿಸಿ ಮೇಲಿನಿಂದ ಕೆಳಕ್ಕೆ ತಮ್ಮ ಮುಖವನ್ನು ಹುಡುಕಿದರು, ಸಿಗಲಿಲ್ಲ. ಭಾವನವರ ಮುಖವನ್ನು ಹುಡುಕಿದರು, ಅದೂ ಸಿಗದಿದ್ದಾಗ ಅವರ ಮುಖ ಅರಳಿತು.

"ಎಲ್ಲಿ ಬೀಗ್ರೇ, ನಿಮ್ ಪೋಟನೇ ಕಾಣಾಕಿಲ್ವಲ್ಲ?"

ಭಾವ ಮೀಸೆಯ ಮೇಲೆ ಬೆರಳಾಡಿಸಿ, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದರು: "ಅದಕ್ಕೇ ಕಣ್ರೀ ಇಷ್ಟು ಬಿರ್ನೆ ಬಂದದ್ದು! ನಾನ್ ಇಳುದ್ಮೇಲೇನೇಯ ನನ್ ತಂಗಿ ಮ್ಯಾಕ್ಕೆ ಏರಿದ್ದು."