ಹೆಮ್ಮಾಡಿಯ ಟೈಲರ್ ಸುಂದರಣ್ಣ ಮತ್ತು ಫ್ರಾನ್ಸಿನ ಐವರು ಡ್ಯೂಕರು

ಹೆಮ್ಮಾಡಿಯ ಹೆದ್ದಾರಿ ಬದಿಯಲ್ಲಿ, ಸೈಕಲ್ ರಿಪೇರಿ ಅಂಗಡಿಗೂ ಕೋಳಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹಾಗೆ ಸುಂದರಣ್ಣನ ಟೈಲರ್ ಅಂಗಡಿ ಇದೆ. ಇಪ್ಪತ್ತೆಂಟು ವರ್ಷಗಳಿಂದ ಅವನು ಅಲ್ಲಿ ಕೂತು ಊರಿನವರ ಪ್ಯಾಂಟು ಗಿಡ್ಡ ಮಾಡಿಕೊಟ್ಟಿದ್ದಾನೆ, ಹೊಟ್ಟೆ ಬಂದವರಿಗೆ ಸೊಂಟ ಬಿಚ್ಚಿಕೊಟ್ಟಿದ್ದಾನೆ. ಯಾರ ಸೊಂಟ ಎಷ್ಟು ಇಂಚು ಎಂಬುದು ಅವನಿಗೆ ಬಾಯಿಪಾಠ. ಆದರೆ ಒಬ್ಬರದ್ದನ್ನು ಇನ್ನೊಬ್ಬರ ಮುಂದೆ ಹೇಳಿದವನಲ್ಲ. ಇಂಥ ಮರ್ಯಾದಸ್ಥ ಮನುಷ್ಯ ಹದಿನಾರನೇ ಶತಮಾನದ ಫ್ರಾನ್ಸಿನ ಡ್ಯೂಕರ ಕೈಗೆ ಸಿಕ್ಕಿಬಿದ್ದದ್ದು ಒಂದು ಕಾಲರಿನ ದೆಸೆಯಿಂದ.

ಕುಂದಾಪುರದ ಒಬ್ಬ ತಾಯಿ ಮಗಳ ಛದ್ಮವೇಷ ಸ್ಪರ್ಧೆಗೆಂದು ಫೋನಿನಲ್ಲಿ ಒಂದು ಚಿತ್ರ ತಂದಿದ್ದಳು. ಚಿತ್ರದಲ್ಲಿದ್ದ ಗಂಡಸಿನ ಕುತ್ತಿಗೆಯ ಸುತ್ತ ಬಿಳಿ ನಿರಿಗೆಯ ದೊಡ್ಡ ಚಕ್ರ. ಅದರ ನಡುವೆ, ತಟ್ಟೆಯಲ್ಲಿ ಬಡಿಸಿಟ್ಟ ಹಾಗೆ, ತಲೆ. ಸುಂದರಣ್ಣ ಆರು ಮೀಟರ್ ಬಟ್ಟೆಗೆ ಗಂಜಿ ಹಾಕಿ, ನಾಲ್ಕು ದಿನ ಕೂತು ನಿರಿಗೆ ಹಿಡಿದ. ಹುಡುಗಿಗೆ ಮೊದಲ ಬಹುಮಾನ ಬಂತು. ಕಾಲರು ರಿಕ್ಷಾದೊಳಗೆ ಹಿಡಿಸದೆ, ಅವಳು ಮೀನಿನ ಟೆಂಪೋದ ಹಿಂದೆ ನಿಂತುಕೊಂಡು ಶಾಲೆಗೆ ಹೋಗಬೇಕಾಯಿತು ಎಂಬುದು ಬೇರೆ ಮಾತು.

ಸುಂದರಣ್ಣನಿಗೆ ಮಾತ್ರ ಒಂದು ಪ್ರಶ್ನೆ ಉಳಿಯಿತು. ಈ ಕಾಲರು ಹಾಕಿಕೊಂಡು ಆ ಮನುಷ್ಯ ಊಟ ಮಾಡುತ್ತಿದ್ದದ್ದು ಹೇಗೆ?

ಚಿತ್ರದ ಕೆಳಗೆ ವಾಲ್‌ಬ್ರೂನಿನ ಡ್ಯೂಕ್ ಎಂದು ಬರೆದಿತ್ತು. ಯಾರು ಬೇಕಾದರೂ ಬರೆಯಬಹುದಾದ ಕನ್ನಡ ವಿಶ್ವಕೋಶವೊಂದು ಅಂತರ್ಜಾಲದಲ್ಲಿ ಇದೆಯಲ್ಲ, ಅದರಲ್ಲಿ ಆ ಹೆಸರು ಹುಡುಕಿದ. ಎರಡೇ ಸಾಲು ಸಿಕ್ಕಿತು. 'ವಾಲ್‌ಬ್ರೂನ್ ಡ್ಯೂಕರದು ಫ್ರಾನ್ಸಿನ ಒಂದು ಮನೆತನ. ಈ ಲೇಖನ ಚಿಕ್ಕದಾಗಿದೆ, ದಯವಿಟ್ಟು ಬೆಳೆಸಲು ನೆರವಾಗಿ.' ಸುಂದರಣ್ಣ ಅದನ್ನು ಎರಡು ಸಲ ಓದಿದ. ಇಷ್ಟು ಮರ್ಯಾದೆಯಿಂದ ಕೇಳಿದ ಮೇಲೆ ಆಗುವುದಿಲ್ಲ ಎಂದು ಹೇಗೆ ಹೇಳುವುದು? ಅವತ್ತಿನಿಂದಲೇ ಬರೆಯಲು ಕೂತ.

ವಾರದೊಳಗೆ ಇನ್ನಿಬ್ಬರು ಬಂದು ಸೇರಿದರು. ಬ್ರಹ್ಮಾವರದ ಕ್ಷಮಾ ಒಂದು ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು. ಹಳೆಯ ಇಂಗ್ಲಿಷ್ ಪುಸ್ತಕವೊಂದರಿಂದ ಡ್ಯೂಕರ ಮನೆಯ ಹುಟ್ಟು, ಮದುವೆ, ಸಾವುಗಳನ್ನೆಲ್ಲ ತೆಗೆದು ಕಳಿಸುವುದು ಅವಳ ಪಾಲಿಗೆ. ಯಾವ ಸಾಲು ಕಂಡರೂ ಅದರ ಪಕ್ಕದಲ್ಲಿ 'ಆಧಾರ ಬೇಕು' ಎಂದು ಚೀಟಿ ಅಂಟಿಸುವುದೂ ಅವಳದೇ. 'ಫ್ರಾನ್ಸಿನಲ್ಲಿ ಚಳಿ ಜಾಸ್ತಿ' ಎಂಬ ಸಾಲಿಗೂ ಅಂಟಿಸಿದ್ದಳು. ಬೈಂದೂರಿನ ಪ್ರೇಮಾನಂದ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಇಸವಿಗಳನ್ನು ಹೊಂದಿಸಿ, ಯಾವ ಡ್ಯೂಕ್ ಎಲ್ಲಿ ಹತ್ತಿದ ಎಲ್ಲಿ ಇಳಿದ ಎಂದು ನೋಡಿಕೊಳ್ಳುವ ಕೆಲಸ ಅವನದು. ಕನ್ನಡದಲ್ಲಿ ಬರೆಯುವುದು, ವಂಶವೃಕ್ಷ ಬಿಡಿಸುವುದು, ಉಡುಪಿನ ಭಾಗ ಇವೆಲ್ಲ ಸುಂದರಣ್ಣನ ಕೈಕೆಲಸ. ಮೂವರೂ ಒಬ್ಬರನ್ನೊಬ್ಬರು ನೋಡಿದವರಲ್ಲ.

ಸುಂದರಣ್ಣನ ಹೆಂಡತಿ ಅಮ್ಮಣಿ ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರುವವಳು. ಮನೆಗೆ ಬಂದರೆ ಗಂಡ ಫೋನಿನೊಳಗೆ ಮುಳುಗಿರುತ್ತಿದ್ದ.

"ಹ್ವಾಯ್, ಆ ತಟ್ಟಿ ಕುತ್ಗಿ ಗಂಡ್ಸ್ರನ್ನ್ ಒಂಚೂರ್ ಬಿಟ್ಟ್ ಉಂಬುಕೆ ಬನ್ನಿ. ಸತ್ತ್ ನಾನೂರ್ ವರ್ಷ ಆಯ್ತ್, ಇನ್ನ್ ಎಲ್ಲಿಗೂ ಓಡಿ ಹೋತಿಲ್ಲ ಅವ್ರ್."

ಒಂಬತ್ತು ತಿಂಗಳು ಹೀಗೆ ನಡೆದು ಎರಡು ಸಾಲಿನ ಲೇಖನ ಮೂವತ್ತು ಪುಟವಾಯಿತು. ಸೋಮವಾರದಿಂದ ಒಂದು ವಾರ ಅದನ್ನು ವಿಶ್ವಕೋಶದ ಮೊದಲ ಪುಟದಲ್ಲಿ, ಬರೆದವರ ಹೆಸರಿನ ಸಮೇತ ಹಾಕುವುದೆಂದು ತೀರ್ಮಾನವೂ ಆಯಿತು. ಸುಂದರಣ್ಣ ಹೊಲಿದ ಸಾವಿರಾರು ಅಂಗಿಗಳಲ್ಲಿ ಒಂದರ ಮೇಲೂ ಅವನ ಹೆಸರಿರಲಿಲ್ಲ. ಅವನು ಸಂಕೋಚದಿಂದ ಯಾರಿಗೂ ಹೇಳಲಿಲ್ಲ. ಆದರೆ ಮನೆಯಲ್ಲಿ ಬೈಯುತ್ತಿದ್ದ ಅಮ್ಮಣಿ ಮಾರುಕಟ್ಟೆಯಲ್ಲಿ ಬಂಗಡೆ ಕೊಂಡವರಿಗೂ ಕೊಳ್ಳದವರಿಗೂ "ಸೋಮ್ವಾರ ನಮ್ಮವ್ರ್ ಹೆಸ್ರ್ ಬತ್ತ್, ಕಾಣಿ" ಎಂದು ಸಾರಿಬಿಟ್ಟಿದ್ದಳು. ಅದು ಅವನಿಗೆ ಗೊತ್ತಾದದ್ದು ಶನಿವಾರ. ಅದೇ ಶನಿವಾರ ಗದಗದ ಗುರುಬಸಯ್ಯ ಎಂಬ ಹಿರಿಯ ಸಂಪಾದಕರ ಟಿಪ್ಪಣಿಯೂ ಬಂತು.

'ಲೇಖನ ಸೊಗಸಾಗಿದೆ. ಒಂದೇ ಸಂದೇಹ. ನಿಮ್ಮ ವಂಶವೃಕ್ಷದಲ್ಲಿ ಪ್ರತಿಯೊಬ್ಬ ಡ್ಯೂಕನೂ ಮನೆಯಲ್ಲಿ ಗಂಡುಮಕ್ಕಳು ಇರುವಾಗ ಅರಮನೆಯನ್ನು ತಂಗಿಯ ಮಗನಿಗೆ ಕೊಟ್ಟಿದ್ದಾನೆ. ಇದಕ್ಕೆ ಆಧಾರವೇನು? ಭಾನುವಾರ ಸಂಜೆ ಆರರೊಳಗೆ ಸರಿಯಾಗದಿದ್ದರೆ ಬೇರೆ ಲೇಖನ ಹಾಕಬೇಕಾಗುತ್ತದೆ.'

ಸುಂದರಣ್ಣ ಕತ್ತರಿ ಕೆಳಗಿಟ್ಟ. "ಮತ್ಯಾರಿಗ್ ಕೊಡುದ್?" ಎಂದು ಫೋನಿಗೇ ಕೇಳಿದ.

ಅವನದು ಅಳಿಯಕಟ್ಟಿನ ಮನೆ. ಅಲ್ಲಿ ಮನೆತನ ತಾಯಿಯ ಕಡೆಯಿಂದ ಇಳಿದುಬರುತ್ತದೆ, ಮಾವನ ಜಾಗಕ್ಕೆ ಅಕ್ಕತಂಗಿಯರ ಮಗ, ಅಂದರೆ ಅಳಿಯ, ಬರುತ್ತಾನೆ. ಹುಟ್ಟು, ಮದುವೆ, ಸಾವುಗಳ ಪಟ್ಟಿ ಕೈಗೆ ಬಂದಾಗ ಅವನು ಡ್ಯೂಕರನ್ನು ಸಾಲಾಗಿ ಕೂರಿಸಿದ್ದು ತನಗೆ ಗೊತ್ತಿದ್ದ ಆ ಕ್ರಮದಲ್ಲೇ. ಪ್ರೇಮಾನಂದನ ಮನೆಯೂ ಅದೇ ಕಟ್ಟಿನದು, ಕ್ಷಮಾಳದೂ ಅದೇ. ಚಳಿಗೂ ಆಧಾರ ಕೇಳಿದವಳಿಗೆ ಇದಕ್ಕೆ ಕೇಳಬೇಕು ಎಂದು ಒಂಬತ್ತು ತಿಂಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಸುಂದರಣ್ಣ ಅವಳಿಗೆ ಫೋನ್ ಮಾಡಿದ. "ಕ್ಷಮಾ, ಅಲ್ಲೆಲ್ಲ ಅಪ್ಪನ್ ಮನಿ ಮಗನಿಗೇ ಹೋಪುದಂಬ್ರ್."

"ಆಧಾರ ಇತ್ತಾ ಸುಂದರಣ್ಣ?" ಎಂದಳು ಅವಳು ಅಭ್ಯಾಸಬಲದಿಂದ. ಆಮೇಲೆ, ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ ಹೆಮ್ಮಾಡಿಗೆ ಬರುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಮೂವರೂ ಹೆಮ್ಮಾಡಿಯ ಅಂಗಡಿಯಲ್ಲಿ ಸೇರಿದರು. ಆ ಚೀಟಿಗಳ ಖಾರ ನೋಡಿ ಕ್ಷಮಾ ಅರವತ್ತು ದಾಟಿದ ಹೆಡ್‌ಮೇಡಂ ಇರಬೇಕೆಂದು ಹೆದರಿದ್ದ ಪ್ರೇಮಾನಂದ, ಇಪ್ಪತ್ತಾರರ ಹುಡುಗಿ ಬಸ್ಸಿಂದ ಇಳಿದದ್ದು ಕಂಡು ಬಾಯಿ ತೆರೆದ. ಅವಳು ಸುಂದರಣ್ಣನನ್ನು ಕಾಲೇಜಿನ ಮೇಷ್ಟ್ರು ಎಂದುಕೊಂಡಿದ್ದಳಂತೆ. ಪರಿಚಯಕ್ಕೆ ಅಷ್ಟೇ ಸಮಯ.

ಸುಂದರಣ್ಣ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕರಿ ಲೈನಿಂಗ್ ಬಟ್ಟೆ ಹಾಸಿ, ಮಾರ್ಕು ಹಾಕುವ ಸೀಮೆಸುಣ್ಣದಿಂದ ವಂಶವೃಕ್ಷವನ್ನು ಬರೆದ. ಹಳೆಯ ಲೆಕ್ಕದಲ್ಲಿ ಮೊದಲ ಡ್ಯೂಕನ ಜಾಗ ತಂಗಿಯ ಮಗನಿಗೆ, ಅವನದು ಅವನ ತಂಗಿಯ ಮಗನಿಗೆ ಎಂದು ಹೋಗಿ ಹೋಗಿ, ಐದನೆಯವನಾಗಿ ಕೂತವನು ಇನ್ಯಾವುದೋ ಊರಿನ ಸಣ್ಣ ಜಮೀನುದಾರ. ವಾಲ್‌ಬ್ರೂನ್ ಯಾವ ದಿಕ್ಕಿಗಿದೆ ಎಂದು ಅವನಿಗೆ ಗೊತ್ತಿತ್ತೋ ಇಲ್ಲವೋ.

"ಹಂಗಾರೆ ಒಬ್ಬನ್ ಬಿಟ್ಟ್ ಉಳ್ದವ್ರೆಲ್ಲ ತಪ್ಪ್ ಬಸ್ಸ್ ಹತ್ತಿದ್ರ್ ಅಂತಾಯ್ತ್" ಎಂದ ಪ್ರೇಮಾನಂದ. "ಎಲ್ಲರ್‍ನೂ ಇಳ್ಸಿ ಮಾರಾಯ್ರೆ, ಮಕ್ಳನ್ನ್ ಹತ್ಸುವ."

ಮಧ್ಯಾಹ್ನದ ಹೊತ್ತಿಗೆ ಅಳಿಯಂದಿರನ್ನೆಲ್ಲ ಒರೆಸಿ ಮಕ್ಕಳನ್ನು ಕೂರಿಸಿದರು. ಮೊದಲ ಡ್ಯೂಕ್ ಗಾಸ್ಪಾರನ ಮಗ ಎತಿಯೆನ್, ಅವನ ಮಗ ಹೀಗೆ ಸಾಗಿ ನಾಲ್ಕನೆಯವನಾದ ಫಿಲಿಬೆರ್‌ನ ಹತ್ತಿರ ನಿಂತಿತು. ಅವನಿಗೆ ಮಕ್ಕಳಿರಲಿಲ್ಲ. "ತಮ್ಮನ್ ಮಗ ಲೂಯಿ ಇದ್ನಲ್ಲ, ಅವ್ನೇ" ಎಂದು ಪ್ರೇಮಾನಂದ ಹೆಸರು ಬರೆದೇಬಿಟ್ಟ. ಅಮ್ಮಣಿ ಊಟ ತಂದಿಟ್ಟು, ಬಟ್ಟೆಯ ಮೇಲಿನ ಗೀಟುಗಳನ್ನು ನೋಡಿದಳು.

"ಆ ತಂಗಿ ಮಕ್ಳೆಲ್ಲ ಎಲ್ಲಿಗ್ ಹೋದ್ರ್?"

"ಅವ್ರಿಗೆ ಏನೂ ಇಲ್ಲೆ ಅಂಬ್ರ್" ಎಂದ ಸುಂದರಣ್ಣ, ತಾನೇ ತಪ್ಪು ಮಾಡಿದ ಹಾಗೆ.

"ಎಂತಾ ಜನವೋ!" ಎಂದು ಅವಳು ಬಂಗಡೆ ಸಾರು ಬಡಿಸಿದಳು.

ಊಟ ಮುಗಿದು ನಾಲ್ಕು ಗಂಟೆ. ಐದನೇ ಡ್ಯೂಕನ ಚಿತ್ರದ ಕೆಳಗೆ ಲೂಯಿ ಎಂದು ಬರೆದರೆ ಕೆಲಸ ಮುಗಿಯಿತು. ಚಿತ್ರ ದೊಡ್ಡದು ಮಾಡಿ ನೋಡುತ್ತಿದ್ದ ಸುಂದರಣ್ಣ ಅಲ್ಲಿಯೇ ನಿಂತ.

"ಕ್ಷಮಾ, ಇವ್ನ್ ಕೋಟಿನ್ ಮೇಲೆ ಕಸೂತಿ ಕಾಣ್. ಮೂರ್ ಮೀನ್."

"ಇರ್ಲಿ ಸುಂದರಣ್ಣ, ಎರ್ಡ್ ಗಂಟಿ ಇತ್ತಷ್ಟೆ."

"ಇರ್ಲಿ ಅಂದ್ರೆ ಹೇಂಗೆ? ಮುಂಚಿನ್ ನಾಲ್ಕೂ ಜನ್ರ್ ಕೋಟಿನ್ ಮೇಲೆ ಇಪ್ಪುದ್ ಗೋಪುರ. ಅದೇ ಈ ಮನಿ ಗುರ್ತ್. ಗುರ್ತ್ ಅಪ್ಪನಿಂದ ಮಗನಿಗ್ ಬಪ್ಪುದಂದ್ರೆ, ಇವ್ನ್ ಅಪ್ಪ ಈ ಮನಿಯವ ಅಲ್ಲ."

ಪ್ರೇಮಾನಂದ ನಕ್ಕ. "ಹೊಲ್ದವ ತಪ್ಪ್ ಮಾಡಿಪ್ಪ."

"ಡ್ಯೂಕನ್ ಕೋಟಿಗೆ ಯಾವ ಟೈಲರೂ ಬೇರೆಯವ್ರ್ ಮನಿ ಗುರ್ತ್ ಹೊಲುದಿಲ್ಲ!" ಇಪ್ಪತ್ತೆಂಟು ವರ್ಷದಲ್ಲಿ ಆ ಅಂಗಡಿಯಲ್ಲಿ ಸುಂದರಣ್ಣ ದನಿ ಎತ್ತಿದ್ದು ಅದೇ ಮೊದಲು. ಪಕ್ಕದ ಕೋಳಿಗಳೂ ಒಮ್ಮೆ ಸುಮ್ಮನಾದವು.

ಮೀನಿನ ಗುರುತು ಯಾರದು? ಕ್ಷಮಾ ಫೋನಿನಲ್ಲಿ ಆ ಹಳೆಯ ಪುಸ್ತಕ ತೆಗೆದಳು. ಹುಟ್ಟು, ಮದುವೆಯ ಪುಟಗಳನ್ನಷ್ಟೇ ಓದಿದ್ದ ಅವಳು ಮೊದಲ ಸಲ ಪುಸ್ತಕದ ಹಿಂಭಾಗಕ್ಕೆ ಹೋದಳು. ಪ್ರೇಮಾನಂದ ಐದು ನಿಮಿಷಕ್ಕೊಮ್ಮೆ, ಟೈಮ್‌ಕೀಪರನಂತೆ, ಗಂಟೆ ಕೂಗುತ್ತಿದ್ದ. ಐದೂ ಇಪ್ಪತ್ತಕ್ಕೆ ಅವಳು ಫೋನನ್ನು ಮೇಜಿನ ಮೇಲಿಟ್ಟು, ಬಹಳ ಮೆಲ್ಲಗೆ ಹೇಳಿದಳು.

"ಇನ್ನೂರ ಹನ್ನೆರಡ್ನೇ ಪುಟ. ಮೂರ್ ಮೀನ್ ಫಿಲಿಬೆರ್‌ನ ತಂಗಿ ಗಂಡನ್ ಮನಿ ಗುರ್ತ್. ಲೂಯಿ ದೊಡ್ಡಪ್ಪನಿಗಿಂತ ಮುಂಚೆನೇ ತೀರ್‍ಕಂಡಿದ್ದ. ಫಿಲಿಬೆರ್ ರಾಜನ ಹತ್ರ ಕೇಂಡ್, ಅಪ್ಪಣೆ ಪತ್ರ ಮಾಡ್ಸಿ, ಮನಿ ಕೊಟ್ಟದ್ದ್..."

"ಯಾರಿಗೆ?" ಎಂದರು ಇಬ್ಬರೂ.

"ತಂಗಿ ಮಗ ಕ್ಲೋದ್‌ಗೆ."

ಬೆಳಿಗ್ಗೆಯಿಂದ ಅಷ್ಟೂ ಅಳಿಯಂದಿರನ್ನು ಒರೆಸಿ ಹಾಕಿದ ಬಟ್ಟೆಯ ಮೇಲೆ, ಸುಂದರಣ್ಣ ಸೀಮೆಸುಣ್ಣ ತೆಗೆದುಕೊಂಡು, ಒಬ್ಬ ಅಳಿಯನನ್ನು ಮತ್ತೆ ಬರೆದ. ಕಾಲರಿನ ಮಾರ್ಕು ಹಾಕುವಾಗಿನಷ್ಟೇ ಜೋಪಾನವಾಗಿ.

ಐದೂ ಐವತ್ತೆರಡಕ್ಕೆ ತಿದ್ದಿದ ಲೇಖನ ಹೋಯಿತು. ಆರಕ್ಕೆ ಮೂರು ನಿಮಿಷ ಇರುವಾಗ ಗುರುಬಸಯ್ಯನವರ ಉತ್ತರ ಬಂತು. 'ಎಲ್ಲ ಸರಿಯಾಗಿದೆ. ಕೊನೆಯಲ್ಲಿ ಮಾತ್ರ ಮತ್ತೆ ತಂಗಿಯ ಮಗನಾ ಎಂದು ನಗು ಬಂತು. ಆಧಾರ ನೋಡಿ ಸುಮ್ಮನಾದೆ.'

ಸೋಮವಾರ ಬೆಳಿಗ್ಗೆ ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಅಮ್ಮಣಿಯ ಫೋನು ಕೈಯಿಂದ ಕೈಗೆ ಹೋಯಿತು. ವಾಪಸು ಬರುವಾಗ ಐವರು ಡ್ಯೂಕರ ಮೇಲೂ, ಕೆಳಗಿದ್ದ ಸುಂದರಣ್ಣನ ಹೆಸರಿನ ಮೇಲೂ ಮೀನಿನ ಪೊರೆ ಅಂಟಿತ್ತು. ಅವಳು ಸೆರಗಿನಿಂದ ಗಂಡನ ಹೆಸರನ್ನು ಒರೆಸಿದಳು. ಆಮೇಲೆ ಐದನೆಯವನ ಕತೆ ಗಂಡ ಹೇಳಿದ್ದು ನೆನಪಾಗಿ, ಫಿಲಿಬೆರ್‌ನ ಮುಖವನ್ನೂ ಒಂದು ಸಲ ಒರೆಸಿದಳು.

"ಐದ್ ಜನ್ರಲ್ಲಿ ಒಬ್ಬನಾರೂ ಮನಿ ಕ್ರಮ ಗೊತ್ತಿಪ್ಪವ ಇದ್ನಲ್ಲ" ಎಂದಳು. "ಆ ಕಾಲರ್ ಹಾಕ್ಕಂಡ್ ಉಂಬುದ್ ಹೇಂಗೆ ಅಂತ ಗೊತ್ತಾಗ್ದಿದ್ರೂ ಅಡ್ಡಿಲ್ಲ."