ನವಿಲು ಬಣ್ಣದ ಕುಂಬಳಕಾಯಿ

ನಮ್ಮತ್ತೆ ವೆಂಕಟಮ್ಮನವರಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಅಮೆರಿಕದ ಪ್ಲೆಸೆಂಟನ್ನಿನ ನಮ್ಮ ಬೀದಿಯಲ್ಲಿ ಅವರನ್ನು ಅರಿಯದ ಮನೆಯಿಲ್ಲ. ನಾನು ಹನ್ನೆರಡು ವರ್ಷದಿಂದ ಇಲ್ಲಿದ್ದೇನೆ, ಪಕ್ಕದ ಮನೆಯವರ ಹೆಸರು ಇವತ್ತಿಗೂ ನೆಟ್ಟಗೆ ಹೇಳಲಾರೆ. ಅತ್ತೆ ಬಂದ ಆರೇ ತಿಂಗಳಿಗೆ ಆ ಮನೆಯ ಗಿಡದ ನಿಂಬೆಹಣ್ಣು ನಮ್ಮ ಅಡುಗೆಮನೆಗೆ ಬರತೊಡಗಿತು. ಮದ್ದೂರಿನ ಹತ್ತಿರದ ಒಂದು ಅಂಗನವಾಡಿಯಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿದ ಹೆಂಗಸು ಅವರು. ದಿನಕ್ಕೆ ನಲವತ್ತು ಮಕ್ಕಳ ಮೂಗು ಒರೆಸಿ, ಅನ್ನ ಕಲಸಿ ಬಾಯಿಗಿಟ್ಟವರು. ಅಮೆರಿಕಕ್ಕೆ ಬಂದ ಮೇಲೆ ಅವರ ಪಾಲಿಗೆ ಉಳಿದಿದ್ದು ನನ್ನ ಮಗಳು ಇಂಚರಾ ಒಬ್ಬಳೇ. ಅವಳೋ, ತಟ್ಟೆ ಮುಂದಿಟ್ಟರೆ 'ಐ ಆಮ್ ಫುಲ್ ಅಜ್ಜಿ' ಎನ್ನುವ ಒಂಬತ್ತು ವರ್ಷದ ಮಹಾರಾಣಿ.

ಹಾಗಾಗಿ ಹ್ಯಾಲೊವೀನ್ ಎಂದರೆ ಅತ್ತೆಗೆ ಪ್ರಾಣ. ಊರಿನ ಮಕ್ಕಳೆಲ್ಲ ವೇಷ ಹಾಕಿಕೊಂಡು ತಾವಾಗಿಯೇ ಬಾಗಿಲಿಗೆ ಬಂದು ತಿನ್ನಲು ಕೊಡಿ ಎನ್ನುವ ಹಬ್ಬ ಅವರ ಪ್ರಕಾರ ದೇವರು ಬುದ್ಧಿವಂತಿಕೆಯಿಂದ ಮಾಡಿದ ಒಂದೇ ಒಂದು ಅಮೆರಿಕನ್ ಕೆಲಸ. ಅಂಗಳಕ್ಕೆ ಅಂಗಡಿಯಿಂದ ಒಂದು ಅಲಂಕಾರದ ಸಾಮಾನೂ ತರಗೊಡುವುದಿಲ್ಲ. ನನ್ನ ಗಂಡ ಶ್ರೀನಿವಾಸನ ಹಳೇ ಆಫೀಸು ಶರಟಿಗೆ ಒಣಗಿದೆಲೆ ತುಂಬಿ ಬೆದರುಬೊಂಬೆ ನಿಲ್ಲಿಸುತ್ತಾರೆ. ಸನ್ನಿವೇಲಿನ ಇಂಡಿಯನ್ ಗ್ರೋಸರಿಯಿಂದ ಬೂದುಗುಂಬಳ ತರಿಸಿ, ಕೋರೆಹಲ್ಲು, ಕೆಂಪು ನಾಲಗೆ ಬರೆದು ದೃಷ್ಟಿಗೊಂಬೆಯಂತೆ ಬಾಗಿಲಿಗೆ ತೂಗುಹಾಕುತ್ತಾರೆ. ಜನ ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆಗ ನೋಡಬೇಕು ಅವರ ಮುಖ.

ಹೋದ ವರ್ಷ ದಸರಾ ಗೊಂಬೆ ಕೂರಿಸುವ ಮೆಟ್ಟಿಲಿಗೆ ಬಳಿದ ಬಣ್ಣ ಅರ್ಧ ಡಬ್ಬಿ ಉಳಿದಿತ್ತು. ಹಸಿರೂ ಅಲ್ಲ ನೀಲಿಯೂ ಅಲ್ಲ, ನವಿಲಿನ ಕತ್ತಿನ ಬಣ್ಣ. ಚೆಲ್ಲುವ ಜಾತಿಯವರೇ ಅಲ್ಲ ಅತ್ತೆ. ದೊಡ್ಡದೊಂದು ಸೀಗುಂಬಳಕಾಯಿಗೆ ಅದನ್ನು ಬಳಿದು ಬಾಗಿಲ ಮುಂದಿನ ಮೆಟ್ಟಿಲ ಮೇಲಿಟ್ಟರು. ನನಗೂ ಚಂದ ಕಂಡಿತು. ಹ್ಯಾಲೊವೀನ್ ದಿನ ಬೆಳಿಗ್ಗೆ ಒಂದು ಫೋಟೋ ತೆಗೆದು ಫೋನಿನಲ್ಲಿ ಬೀದಿಯವರ ಗುಂಪಿಗೆ ಹಾಕಿ, ಆಮೇಲೆ ಒಂದರ ಹಿಂದೊಂದು ಮೀಟಿಂಗಿನಲ್ಲಿ ಮುಳುಗಿದೆ. ಫೋನು ಕುಂಯ್‌ಗುಟ್ಟಿದಾಗೆಲ್ಲ ಓದದೆ ಎತ್ತಿದ ಹೆಬ್ಬೆರಳಿನ ಚಿತ್ರ ಒತ್ತಿದೆ.

ತಿಂಡಿಯ ವಿಷಯಕ್ಕೆ ನಮ್ಮಿಬ್ಬರಿಗೂ ವಾರದಿಂದ ಜಟಾಪಟಿ. ಇಲ್ಲಿ ಮನೆಯಲ್ಲಿ ಮಾಡಿದ್ದನ್ನು ಯಾರೂ ಮಕ್ಕಳಿಗೆ ತಿನ್ನಿಸುವುದಿಲ್ಲ, ಕಸಕ್ಕೆ ಹಾಕುತ್ತಾರೆ ಎಂದು ನಾನು ಬಡಕೊಂಡೆ. ಅಂಗಡಿ ಮಿಠಾಯಿಯನ್ನೇ ಕೊಡುವುದಾದರೆ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟುಬಿಡು, ನಾನ್ಯಾಕೆ ಕೂರಲಿ ಎಂದರು. ಕಡಲೆಕಾಯಿ ಹುರಿದು, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿ, ಕೊಬ್ಬರಿ ತುರಿಯಲ್ಲಿ ಹೊರಳಿಸಿ, ಕರಿ ಎಳ್ಳಿನ ಎರಡು ಕಣ್ಣಿಟ್ಟರು. ಬೆಳ್ಳನೆಯ ಪುಟ್ಟ ಪುಟ್ಟ ದೆವ್ವಗಳು. ಒಂದೊಂದನ್ನೂ ಬಣ್ಣದ ಕಾಗದದಲ್ಲಿ ಸುತ್ತಿ ಬುಟ್ಟಿ ತುಂಬಿದರು. ವಾದ ಮಾಡಿ ಸಾಕಾಗಿ, ಮಾಡಿಕೊಳ್ಳಲಿ ಎಂದು ಬಿಟ್ಟುಬಿಟ್ಟೆ.

ಸಂಜೆ ಐದೂವರೆಗೆ ಕೊನೆಯ ಮೀಟಿಂಗು ಮುಗಿಸಿ ಕೆಳಗಿಳಿದೆ. ಇಂಚರಾ ಬೆಕ್ಕಿನ ವೇಷ ಹಾಕಿಕೊಂಡು, ಫ್ರೀವೇಯಲ್ಲಿ ಸಿಕ್ಕಿಕೊಂಡಿದ್ದ ಅಪ್ಪನಿಗಾಗಿ ಕಾಯುತ್ತಿದ್ದಳು. ಗುಂಪಿನಲ್ಲಿ ಹೊಸದೊಂದು ಫೋಟೋ ಬಂದಿತ್ತು. ನಮ್ಮ ಬಾಗಿಲು, ಅತ್ತೆ, ಅವರ ಮುಂದೆ ಜೇನುಹುಳದ ವೇಷದ ಒಬ್ಬ ಹುಡುಗನ ಬೆನ್ನು. ಅವನ ತಾಯಿ ಬರೆದಿದ್ದಳು: ನನ್ನ ಮಗ ಇವತ್ತು ಮೊದಲ ಸಲ ಒಬ್ಬನೇ ಒಂದು ಬಾಗಿಲಿಗೆ ಹೋಗಿದ್ದಾನೆ, ಈ ಕುಂಬಳಕಾಯಿಗೆ ನಾನು ಋಣಿ. ಹೆಮ್ಮೆಯಿಂದ ಮಗಳಿಗೆ ತೋರಿಸಿದೆ. ಅವಳು ಹುಬ್ಬು ಗಂಟಿಕ್ಕಿದಳು.

"ಅಮ್ಮಾ, ಈ ಕಲರ್‌ದು ಟೀಲ್ ಪಂಪ್ಕಿನ್. ಹಾಗಂದ್ರೆ ಅಲರ್ಜಿ ಇರೋ ಕಿಡ್ಸ್‌ಗೆ ಸೇಫ್ ಹೌಸ್ ಅಂತ. ಬಟ್ ಅಜ್ಜಿ ಈಸ್ ಗಿವಿಂಗ್ ಪೀನಟ್ಸ್."

ಗುಂಪಿನ ಸಂದೇಶಗಳನ್ನು ಮೇಲಕ್ಕೆ ಸರಿಸುತ್ತ ಹೋದೆ. ಮಧ್ಯಾಹ್ನ ಎರಡೂ ನಲವತ್ತಕ್ಕೆ ಅದೇ ತಾಯಿ ಕೇಳಿದ್ದಳು: ನನ್ನ ಮಗನಿಗೆ ಕಡಲೆಕಾಯಿ ಒಂದು ಚೂರೂ ಆಗುವುದಿಲ್ಲ, ಉಸಿರು ಕಟ್ಟುತ್ತದೆ, ನಿಮ್ಮ ಮನೆಯದ್ದರಲ್ಲಿ ಅದಿಲ್ಲ ತಾನೆ? ಅದರ ಕೆಳಗೆ ನನ್ನ ಹೆಬ್ಬೆರಳು ಸೊಗಸಾಗಿ ಎದ್ದು ನಿಂತಿತ್ತು.

ನಮ್ಮ ಮನೆಯ ತಿಂಡಿ ಯಾರೂ ತಿನ್ನಬೇಡಿ, ಕಡಲೆಕಾಯಿ ಇದೆ ಎಂದು ಗುಂಪಿಗೆ ಬರೆದೆ. ಮೂರು ಅಕ್ಷರಕ್ಕೆ ಎರಡು ತಪ್ಪು. ಆ ತಾಯಿಗೆ ಕರೆ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಕ್ಕಳ ಕೈ ಹಿಡಿದು ಬೀದಿ ಸುತ್ತುವವರು ಯಾರು ಫೋನು ನೋಡುತ್ತಾರೆ! ಬಾಗಿಲಿಗೆ ಓಡಿ ಅತ್ತೆಯನ್ನು ಕೇಳಿದೆ.

"ಜೇನುಹುಳಾನಾ? ಒಂದ್ ಕೊಟ್ಟೆ. ಮಗ ನಗಾಡ್ತು, ಅದ್ಕೆ ಇನ್ನೊಂದ್ ಕೊಟ್ಟೆ ಕಣವ್ವ. ಯಾಕೆ?"

ಹೇಳಿದೆ. ಬಣ್ಣದ ಅರ್ಥ ಹೇಳಿದೆ, ಕಡಲೆಕಾಯಿಯ ವಿಷಯ ಹೇಳಿದೆ. ನನ್ನ ಹೆಬ್ಬೆರಳಿನ ವಿಷಯ ಹೇಳಲಿಲ್ಲ. ಅತ್ತೆ ಬುಟ್ಟಿಯನ್ನು ಒಳಗೆಸೆದು, ಬಾಗಿಲೆಳೆದು, ಸೀರೆಯ ಕೆಳಗೆ ಸದಾ ಹಾಕುವ ಬಿಳಿ ಬೂಟಿನಲ್ಲೇ ಮೆಟ್ಟಿಲಿಳಿದರು. ದೇವಸ್ಥಾನದ ನಾಲ್ಕು ಮೆಟ್ಟಿಲಿಗೆ ಮಂಡಿ ಹಿಡಿದು ಕೂರುವವರು ನನಗಿಂತ ಮುಂದೆ ಹೋಗುತ್ತಿದ್ದರು. ನಾನು ಇಂಚರಾಳ ಕೈ ಹಿಡಿದು ಹಿಂದೆ ಓಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ದಾರಿಯುದ್ದಕ್ಕೂ ಜೇಬಿನ ಫೋನು ಮುಟ್ಟಿ ಮುಟ್ಟಿ ನೋಡಿಕೊಂಡೆ.

ಬೀದಿ ತುಂಬ ಮಾಟಗಾತಿಯರು, ಅಸ್ಥಿಪಂಜರಗಳು. ಜೇನುಹುಳಗಳೇ ಮೂರು ಕಂಡವು. ಮೊದಲನೆಯದನ್ನು ಕಂಡು ನಾನು ಕೂಗಿದೆ. ಅತ್ತೆ ತಿರುಗಿಯೂ ನೋಡದೆ ಅದಲ್ಲ ಎಂದರು. ಎರಡನೆಯದೂ ಅಲ್ಲವಂತೆ. ಆ ಮಗು ಎಡಗಾಲನ್ನು ಒಳಕ್ಕೆ ಹಾಕಿ ನಡೆಯುತ್ತದೆ ಎಂದರು. ಎರಡು ನಿಮಿಷ ಬಾಗಿಲಲ್ಲಿ ನಿಂತಿದ್ದ ಮಗುವಿನ ನಡಿಗೆ ಇವರಿಗೆ ಹೇಗೆ ಗೊತ್ತೋ ಎಂದು ಕೇಳುವ ತ್ರಾಣ ನನಗಿರಲಿಲ್ಲ. ಎಲ್ಲೋ ಸೈರನ್ ಕೇಳಿಸಿತು. ದೇವರೇ, ಅದು ಬೇರೆ ಎಲ್ಲಿಗಾದರೂ ಹೋಗುತ್ತಿರಲಿ ಎಂದು ಬೇಡಿಕೊಂಡೆ. ಬೇರೆಯವರ ಮನೆ ಹಾಳಾಗಲಿ ಎಂದ ಹಾಗಾಯಿತು, ಅದೂ ಆಗ ಹೊಳೆಯಲಿಲ್ಲ.

ಪಾರ್ಕಿನ ತಿರುವಿನಲ್ಲಿ ಮೂರನೆಯದು ಸಿಕ್ಕಿತು. ಹುಡುಗ ಫುಟ್‌ಪಾತಿನ ಅಂಚಿನಲ್ಲಿ ಕೂತಿದ್ದ. ತಾಯಿ ಬಗ್ಗಿ ಅವನ ಬೂಟಿನ ದಾರ ಕಟ್ಟುತ್ತಿದ್ದಳು. ಅವನ ತೊಡೆಯ ಮೇಲೆ ಬಣ್ಣದ ಕಾಗದ ಬಿಚ್ಚಿ ಹರಡಿತ್ತು, ಕೈಯಲ್ಲಿ ಬಿಳಿ ಉಂಡೆ. ಅತ್ತೆ ನೆಟ್ಟಗೆ ಹೋಗಿ ಅದನ್ನು ಕಿತ್ತುಕೊಂಡರು. ಮಗು ಕಿಟಾರನೆ ಕಿರುಚಿತು. ತಾಯಿ ಗಾಬರಿಯಿಂದ ಎದ್ದು ಇಬ್ಬರ ನಡುವೆ ನಿಂತಳು. ನಾನು ಏದುಸಿರಿನಲ್ಲಿ ಕಡಲೆಕಾಯಿ ಎಂಬ ಒಂದು ಮಾತು ಹೇಳಿದೆ, ಅವಳು ತಟ್ಟನೆ ಮಗನ ಕಡೆ ತಿರುಗಿದಳು.

ತಿಂದೆಯಾ ಎಂದು ಕೇಳಿದಳು. ದೆವ್ವದ ಒಂದು ಕಣ್ಣು ನೆಕ್ಕಿದೆ ಎಂದ ಹುಡುಗ. ಇನ್ನೊಂದು ಉಂಡೆ ಅವನ ಬುಟ್ಟಿಯಲ್ಲಿ ಬಿಚ್ಚದೇ ಇತ್ತು. ಅವಳು ಅವನ ತುಟಿ, ಕೈ ಒರೆಸಿ, ಚೀಲದಿಂದ ಉಸಿರು ಕಟ್ಟಿದರೆ ಚುಚ್ಚುವ ಸೂಜಿಮದ್ದು ತೆಗೆದು ಹಿಡಿದು, ಅವನ ಎದುರಿಗೆ ಕೂತಳು. ಆಮೇಲೆ ಕಾಯುವುದಷ್ಟೇ ಉಳಿಯಿತು. ತುಟಿ ಊದುತ್ತಿದೆಯೇ, ಉಸಿರು ಎಳೆಯುತ್ತಿದೆಯೇ ಎಂದು ನಾವು ಮೂವರು ಹೆಂಗಸರು ಒಂದು ಪುಟ್ಟ ಮುಖವನ್ನೇ ನೋಡುತ್ತ ಕೂತೆವು. ಹುಡುಗ ಒಮ್ಮೆ ಕೆಮ್ಮಿದ, ಮೂವರೂ ಮುಂದಕ್ಕೆ ಬಾಗಿದೆವು. ಅತ್ತು ಗಂಟಲು ಕಟ್ಟಿತ್ತು, ಅಷ್ಟೆ. ಮುಕ್ಕಾಲು ಗಂಟೆಯಾದ ಮೇಲೆ ಅವಳು ಗಡಿಯಾರ ನೋಡಿ, ಸೂಜಿಯನ್ನು ಚೀಲಕ್ಕೆ ಹಾಕಿದಳು.

ಆಗ ಅತ್ತೆ ಬಾಯಿ ಬಿಟ್ಟರು. "ತಪ್ಪೆಲ್ಲಾ ನಂದೇ ಅಂತ ಯೋಳವ್ವ. ಬಣ್ಣ ಬಳದೋಳೂ ನಾನೇ, ಕೊಟ್ಟೋಳೂ ನಾನೇ."

ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಹೌದು, ಒಂದಕ್ಷರ ಬಿಡದೆ ಹಾಗೇ ಹೇಳಿದೆ, ನಾಚಿಕೆಗೆಟ್ಟವಳು. ಆ ತಾಯಿ ಅತ್ತೆಯ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿ, ನಾನು ನಿನ್ನನ್ನು ಕೇಳಿದ್ದೆನಲ್ಲ ಎಂದಳು. ಸಿಟ್ಟೂ ಇರಲಿಲ್ಲ ಆ ದನಿಯಲ್ಲಿ. ಮಗನನ್ನು ಎತ್ತಿಕೊಂಡು ಹೋದಳು.

ಏನೆಂದಳು ಎಂದು ಅತ್ತೆ ಕೇಳಿದರು. ಇಂಚರಾ ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಎರಡೂ ಭಾಷೆ ಅರ್ಥವಾಗುತ್ತದೆ.

"ಅವ್ರು ಮಧ್ಯಾಹ್ನನೇ ನನ್ನ ಕೇಳಿದ್ರು ಅತ್ತೆ. ಕಡ್ಲೆಕಾಯಿ ಇಲ್ಲ ತಾನೆ ಅಂತ. ನಾನು ಓದದೇ ಹೂಂ ಅಂದಿದ್ದೆ."

ಬೆವರಿಗೆ ಕರಗಿದ ಉಂಡೆ ಇನ್ನೂ ಅತ್ತೆಯ ಮುಷ್ಟಿಯಲ್ಲೇ ಇತ್ತು.

"ಹೊರಡುವಾಗ್ಲೇ ಯೋಳಬಾರ್ದಾಗಿತ್ತಾ ಕಣವ್ವ," ಎಂದರು. "ದಾರಿ ಉದ್ದಕ್ಕೂ ಉಂಡೆ ಕೊಟ್ಟ ಈ ನನ್ ಕೈ ಸೇದೋಗ್ಲಿ ಅಂತ ಶಾಪ ಹಾಕ್ಕಂಡ್ ಬಂದೆ."